ಏಳು ಕದಲದ ಹಾಗೆ

ಪುಟ ಇನ್ನೂರ ಹದಿನಾಲ್ಕರ ಗೆರೆ ಕೆಳಗಿಳಿಯುತ್ತಿತ್ತು. ಅದರಲ್ಲಿ ಅನುಮಾನವೇ ಇರಲಿಲ್ಲ. ಓರೆಯಾಗಿ ಮಲಗಿದ ಮೊಟ್ಟೆಯಂಥ ಒಂದು ವಕ್ರರೇಖೆ; ಅದರ ಬಲ ಹೆಗಲನ್ನು ಒಂದೇ ಒಂದು ಬಿಂದುವಿನಲ್ಲಿ ಸೋಕಿ, ಎಡದ ಎತ್ತರದಿಂದ ಬಲದ ತಗ್ಗಿಗೆ ಜಾರಿಹೋಗುವ ನೇರ ಗೆರೆ. ಕೆಳಗೆ ಸಣ್ಣಕ್ಷರದಲ್ಲಿ ಪ್ರಶ್ನೆ: ಎಕ್ಸ್ ವರ್ಗ, ಕೂಡಿಸು ಎಕ್ಸ್ ವೈ, ಕೂಡಿಸು ವೈ ವರ್ಗ, ಸಮ ಏಳು, ಈ ರೇಖೆಗೆ ಎರಡು, ಒಂದು ಎಂಬ ಬಿಂದುವಿನಲ್ಲಿರುವ ಇಳಿಜಾರನ್ನು ಅವ್ಯಕ್ತ ಅವಕಲನದಿಂದ ಕಂಡುಹಿಡಿಯಿರಿ. ಅವನು ಎಡಗೈ ಹೆಬ್ಬೆರಳನ್ನು ಕೊನೆಯ ಉತ್ತರಗಳ ಪುಟದಲ್ಲಿ ಸಿಕ್ಕಿಸಿಕೊಂಡಿದ್ದ. ಅಲ್ಲಿ ಐದು ಬೈ ನಾಲ್ಕು ಎಂದು ಅಚ್ಚಾಗಿತ್ತು. ಮುಂದೆ ಯಾವ ಚಿಹ್ನೆಯೂ ಇರಲಿಲ್ಲ. ಮೂವತ್ತೊಂದು ವರ್ಷಗಳಿಂದ ಈ ಅಚ್ಚಿನ ಮನೆಯಲ್ಲಿ ಕರಡು ತಿದ್ದುತ್ತ, ಕರಡಿನಿಂದಾಗಿ ಎಲ್ಲರ ಬಾಯಲ್ಲಿ 'ಕರಡಿ'ಯಾಗಿ, ಈಗ ಆ ಹೆಸರಿಗೆ ತಕ್ಕಷ್ಟು ಮೈಯನ್ನೂ ಬೆಳೆಸಿಕೊಂಡಿದ್ದ ಅವನು ಗಣಿತದ ಪುಸ್ತಕಗಳನ್ನು ಓದುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದ. ತೆರೆದ ಕಂಸ ಮುಚ್ಚಿದೆಯೇ, ಭಾಗಿಸುವ ಗೆರೆ ಎರಡೂ ಕಡೆ ಸಮನಾಗಿದೆಯೇ, ಅಷ್ಟೇ. ಆದರೆ ಇವತ್ತು ಕಣ್ಣು ಮುಂದೆ ಹೋಗಲೊಲ್ಲದು. ಬಲಕ್ಕೆ ಹೋಗ್ತಾ ಏರಿದ್ರೆ ಪ್ಲಸ್ಸು, ಇಳಿದ್ರೆ ಮೈನಸ್ಸು. ಇಳಿಜಾರು ಅಂತ ಹೆಸರಿಟ್ಕೊಂಡು ಏರೋದೂ ಉಂಟು, ಅದೇ ತಮಾಷೆ ನೋಡು. ಯಾರು ಹೇಳಿದ್ದು ಇದನ್ನು? ನಗುವನ್ನು ಹಲ್ಲಿನ ಹಿಂದೆ ಹಿಡಿದಿಟ್ಟುಕೊಂಡ ಹೆಣ್ಣುದನಿ. ಅವನು ತಟ್ಟನೆ ಪುಟ ಮಗುಚಿದ. ಮತ್ತೆ ಹಿಂದಕ್ಕೆ ಮಗುಚಿದ.

ಮೂಲಪ್ರತಿ ತೆಗೆದು ನೋಡಿದ. ಲೇಖಕರಾದ ಪ್ರೊಫೆಸರರ ಇರುವೆ ಸಾಲಿನಂಥ ಕೈಬರಹದಲ್ಲೂ ಚಿಹ್ನೆಯಿರಲಿಲ್ಲ. ಅಂದರೆ ಅಕ್ಷರ ಜೋಡಿಸಿದವರ ತಪ್ಪಲ್ಲ, ತಪ್ಪಾಗಿದ್ದರೆ ಬರೆದವರದು. ಬರೆದವರ ತಪ್ಪನ್ನು ಕೇಳದೆ ತಿದ್ದುವ ಅಧಿಕಾರ ಅವನಿಗಿರಲಿಲ್ಲ. ಸಂಜೆ ಐದಕ್ಕೆ ಈ ಫಾರಂ, ಒಟ್ಟಿಗೆ ಅಚ್ಚಾಗುವ ಹದಿನಾರು ಪುಟ, ಪ್ಲೇಟಿಗೆ ಹೋಗಬೇಕು, ನಾಳೆಯಿಂದ ನಲವತ್ತು ಸಾವಿರ ಪ್ರತಿ. ಮ್ಯಾನೇಜರರ ಮೇಜಿನ ಮೇಲಿದ್ದ ಫೋನಿನಿಂದಲೇ, ಮ್ಯಾನೇಜರ್ ಕಿವಿಗೆ ಬೀಳುವಂತೆಯೇ, ಅವನು ಪ್ರೊಫೆಸರರಿಗೆ ಫೋನು ಮಾಡಿದ. ಸಾರ್, ಒಂದು ಋಣ ಚಿಹ್ನೆ ಬಿಟ್ಟುಹೋಗಿದೆಯೇನೋ ಅಂತ ಅನುಮಾನ. ಅತ್ತಲಿಂದ ಒಂದು ನಿಟ್ಟುಸಿರು. "ನೀವು ಮಾಡಿ ನೋಡಿದ್ರಾ?" "ಇಲ್ಲ ಸಾರ್, ಚಿತ್ರ ನೋಡಿದ್ರೆ..." "ಚಿತ್ರ ನೋಡಿದ್ರೆ! ಎಲ್ಲೀವರೆಗೆ ಓದಿದೀರಿ ನೀವು?" ಅವನು ಕರಡಿನ ಮೂಲೆ ಮಡಿಸಿ ಬಿಡಿಸಿದ. "ನೋಡಿ, ನೀವು ಕಾಗುಣಿತ ನೋಡ್ಕೊಳ್ಳಿ, ಗಣಿತ ನನಗೆ ಬಿಡಿ." ಫೋನಿಟ್ಟಾಗ ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿ, "ಯಾಕ್ರೀ ಕರಡಿ, ಜೇನುಗೂಡಿಗೇ ಕೈ ಹಾಕಿದ್ರಿ," ಎಂದು ನಕ್ಕ. ಅವನೂ ನಕ್ಕ. ಹಾಗೆ ನಕ್ಕಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಕಿವಿಯ ತುದಿ ಬಿಸಿಯಾಗಿತ್ತು; ಐವತ್ಮೂರರಲ್ಲೂ ಅದು ಹದಿನೇಳರಲ್ಲಿ ಆದಂತೆಯೇ ಬಿಸಿಯಾಗುತ್ತದಲ್ಲ ಎಂದು ಬೆರಗೂ ಆಯಿತು.

ತಿರುಗಿ ಬಂದು ಕುಳಿತವನ ತಲೆಯೊಳಗೆ, ಎಲ್ಲೋ ಒಂದು ಮನೆಯ ಕಿಟಕಿಯ ಹತ್ತಿರ ಕುಳಿತು ಈ ಲೆಕ್ಕ ಮಾಡುವ ಒಂದು ಹುಡುಗಿ ಬಂದು ಕೂತುಬಿಟ್ಟಳು. ಅವಳ ಉತ್ತರ ಸರಿಯಾಗಿಯೇ ಬರುತ್ತದೆ. ಹಿಂದಿನ ಪುಟ ತೆಗೆದು ನೋಡುತ್ತಾಳೆ. ಮುಖ ಸಣ್ಣದಾಗುತ್ತದೆ. ರಬ್ಬರು ತೆಗೆದುಕೊಂಡು, ಸರಿಯಾಗಿದ್ದದ್ದನ್ನು ಉಜ್ಜಿ ಉಜ್ಜಿ ಅಳಿಸುತ್ತಾಳೆ. ಅವಳ ಮುಖ ಕಾಣಬೇಕೆಂದು ಅವನು ಕಣ್ಣು ಕಿರಿದು ಮಾಡಿದರೆ ಅಲ್ಲಿದ್ದದ್ದು ಹುಡುಗಿಯಲ್ಲ, ಇಪ್ಪತ್ತೈದು ವರ್ಷದ ಅತ್ತಿಗೆ. ಗೋಡೆಯ ಮೇಲಿನ ಕಪ್ಪು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾಳೆ. ಅಣ್ಣನನ್ನು ಮದುವೆಯಾಗಿ ಬಂದಾಗ ಅವಳು ತಂದದ್ದು ಒಂದು ಪೆಟ್ಟಿಗೆ ಬಟ್ಟೆ, ಎರಡು ಪೆಟ್ಟಿಗೆ ಪುಸ್ತಕ. ಗಣಿತದಲ್ಲಿ ಪದವಿ. ನಡುಮನೆಯಲ್ಲಿ ಹಲಗೆ ತೂಗುಹಾಕಿ ಬೀದಿಯ ಮಕ್ಕಳಿಗೆ ಪಾಠ ಹೇಳತೊಡಗಿದಳು. ಸಂಜೆ ಬಾಗಿಲಲ್ಲಿ ಹನ್ನೆರಡು ಜೊತೆ ಚಪ್ಪಲಿ. ಮೈದುನನಿಗೆ ಬೇರೆಯಾಗಿ, ಬೆಳಿಗ್ಗೆ, ಒಬ್ಬನಿಗೇ. ಅವನು ಅವಳ ಬಾಯನ್ನು ನೋಡುತ್ತಿದ್ದ, ಕಿಟಕಿಯಾಚೆ ನೋಡುತ್ತಿದ್ದ, ಹೂಂಗುಡುತ್ತಿದ್ದ. ಪರೀಕ್ಷೆಯಲ್ಲಿ ಹೆಸರು ಬರೆದು, ಎರಡು ಪ್ರಶ್ನೆಗಳನ್ನು ಹಾಗೇ ನಕಲು ಮಾಡಿ, ಉತ್ತರವಿಲ್ಲದ ಖಾಲಿ ಹಾಳೆ ಕೊಟ್ಟು ಎದ್ದುಬಂದ. ಫಲಿತಾಂಶದ ದಿನ ಅಪ್ಪ ಬೆಲ್ಟಿಗೆ ಕೈ ಹಾಕಿದಾಗ ಬಾಯಿಂದ ಬಂದೇಬಿಟ್ಟಿತು: ಅತ್ತಿಗೆ ಹೇಳಿಕೊಟ್ಟಿದ್ದೆಲ್ಲ ತಪ್ಪು, ಅವರು ಹೇಳಿದ ಹಾಗೇ ಬರೆದೆ, ಎಲ್ಲಾ ತಪ್ಪಾಯ್ತು. ಬೆಲ್ಟು ಕೆಳಗಿಳಿಯಿತು. ಮಾರನೆಯ ದಿನ ಅಪ್ಪ ಬಾಗಿಲಲ್ಲೇ ನಿಂತು ಬೀದಿಯ ಮಕ್ಕಳನ್ನು ವಾಪಸು ಕಳಿಸಿದ್ದ.

ಊಟದ ಬಿಡುವಿನಲ್ಲಿ ಡಬ್ಬಿ ತೆರೆಯದೆ, ಆ ಎರಡು ಪುಟಗಳನ್ನು ಮಡಿಸಿ ಜೇಬಿಗೆ ತುರುಕಿಕೊಂಡು ಅವನು ಹೊರಟ. ಕೂಡಿಸಿ ಕಳೆಯಲು ಬರುವ ಬೇರೆ ಯಾರೂ ಊರಲ್ಲಿ ಇರಲಿಲ್ಲವೆಂದಲ್ಲ. ಕಾಲು ಬಸ್ಸು ಹತ್ತಿತು, ಎರಡನೆಯ ನಿಲ್ದಾಣದಲ್ಲಿ ಇಳಿಯಿತು. ಅಣ್ಣ ತೀರಿಕೊಂಡ ಮೇಲಿನ ಆರು ವರ್ಷದಲ್ಲಿ ಅತ್ತಿಗೆಯ ಹೊಲಿಗೆ ಅಂಗಡಿಗೆ ಅವನೊಬ್ಬನೇ ಹೋದದ್ದಿಲ್ಲ. ಹೆಂಡತಿ ಮುಂದೆ, ಅವನು ಹಿಂದೆ ಚೀಲ ಹಿಡಿದು, ಕ್ಷೇಮವೇ, ಕ್ಷೇಮ, ಮುಗಿಯಿತು. ಅಂಗಡಿಯೆಂದರೆ ಒಂದು ಉದ್ದನೆಯ ಕೋಣೆ, ಬೀದಿಗೆ ತೆರೆದ ಗಾಜಿನ ಬಾಗಿಲು, ಎರಡು ಮಿಷಿನ್ನು, ನಡುವೆ ಬಾಗಿಲಷ್ಟು ಅಗಲದ ಕತ್ತರಿಸುವ ಮೇಜು. ಶಾಲೆಯ ಸಮವಸ್ತ್ರದ ಕಡುನೀಲಿ ಬಟ್ಟೆಯನ್ನು ಅದರ ಮೇಲೆ ಹರಡಿ, ಅರವತ್ತು ದಾಟಿದ ಅತ್ತಿಗೆ ತೋಳು ಕೂಡುವ ಬಾಗನ್ನು ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದಳು. ಅಳತೆಪಟ್ಟಿ ಕೊರಳಲ್ಲಿ. ತಲೆಯೆತ್ತದೆಯೇ, "ಒಬ್ಬನೇ ಬಂದಿದೀಯ. ಮನೇಲಿ ಎಲ್ಲಾ ಸರಿ ಇದೆ ತಾನೆ?" ಎಂದಳು.

"ಸರಿ ಇದೆ ಅತ್ತಿಗೆ. ಒಂದು ಲೆಕ್ಕ ಇತ್ತು."

ಬಾಗು ಅರ್ಧದಲ್ಲಿ ನಿಂತಿತು. ಅವಳು ಅವನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ಅವನು ಜೇಬಿನಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ, ಮತ್ತೆ ಮಡಚತೊಡಗಿದ. "ಕೊಡಿಲ್ಲಿ," ಎಂದು ಅವಳು ಕಸಿದುಕೊಂಡು, ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ ಓದಿದಳು. ತುಟಿ ಅಲುಗಲಿಲ್ಲ. ಎರಡು ಉಸಿರು ಬಿಡುವಷ್ಟರಲ್ಲಿ, "ಮೈನಸ್ ಐದು ಬೈ ನಾಲ್ಕು. ಯಾರಪ್ಪಾ ಇದು ಪುಣ್ಯಾತ್ಮ, ಚಿಹ್ನೆ ನುಂಗಿ ನೀರು ಕುಡಿದೋರು?"

ಹಾಗಾದರೆ ತನ್ನ ಕಣ್ಣು ಸರಿ. ಅಷ್ಟಕ್ಕೇ ಅವನು ಹೊರಟುಬಿಡಬಹುದಿತ್ತು. ಆದರೆ ಅಷ್ಟು ಬೇಗ! ಎಲ್ಲಿಂದ ಬಂತು ಅವಳಿಗೆ ಆ ಐದು, ಆ ನಾಲ್ಕು? "ಹೇಗೆ ಅತ್ತಿಗೆ? ವೈ ಎಷ್ಟು ಅಂತ ಬಿಡಿಸಿ ಬರೆಯೋಕೇ ಆಗಲ್ವಲ್ಲ ಇದರಲ್ಲಿ. ಎರಡೂ ಒಂದಕ್ಕೊಂದು ಗಂಟು ಹಾಕ್ಕೊಂಡಿದೆ."

"ಗಂಟು ಬಿಡಿಸು ಅಂದೋರು ಯಾರು ನಿನಗೆ?" ಅವಳು ಕೆಳಗಿನಿಂದ ಒಂದು ನೀಲಿ ತುಂಡು ಎಳೆದು ಮೇಜಿನ ಮೇಲೆ ಬಡಿದು ಹರಡಿದಳು. ಅಳತೆಪಟ್ಟಿ ಇಟ್ಟು ಎರಡು ಅಡ್ಡಗೆರೆ, ನಂತರ ಚುಕ್ಕೆಗಳು. "ಎರಡು, ಒಂದು: ನಾಲ್ಕು, ಎರಡು, ಒಂದು, ಏಳಾಯ್ತು. ಒಂದು, ಎರಡು: ಅದೂ ಏಳು. ಮೂರು, ಮೈನಸ್ ಒಂದು: ಒಂಬತ್ತು, ಮೈನಸ್ ಮೂರು, ಒಂದು. ಏಳು." ಒಂದೊಂದಾಗಿ ಹನ್ನೆರಡು ಚುಕ್ಕೆಗಳು ನೀಲಿಯಲ್ಲಿ ಮೂಡಿದವು. ಆಮೇಲೆ ಮಣಿಕಟ್ಟನ್ನು ಎತ್ತದೆ, ಮೂವತ್ತೈದು ವರ್ಷ ತೋಳು ಕತ್ತಿನ ಬಾಗುಗಳನ್ನು ಎಳೆದ ಕೈಯಿಂದ, ಹನ್ನೆರಡನ್ನೂ ಒಂದೇ ಉಸಿರಿಗೆ ಸೇರಿಸಿಬಿಟ್ಟಳು. ಪುಸ್ತಕದ ಚಿತ್ರ ಅವನೆದುರು ಬಿಳಿಯಾಗಿ ಬಿದ್ದಿತ್ತು, ಪುಸ್ತಕದ್ದಕ್ಕಿಂತ ದುಂಡಗೆ. "ಈ ಗೆರೆ ಮೇಲೆ ಎಲ್ಲೇ ನಿಂತ್ರೂ ಏಳು. ಗೆರೆ ಅಂದ್ರೇನೇ ಅಷ್ಟು: ಏಳು ಕದಲದ ಹಾಗೆ ನಡೆಯೋದು. ಈಗ ನೀನು ಇಲ್ಲಿ, ಎರಡು ಒಂದರ ಹತ್ರ ನಿಂತಿದೀಯ. ಒಂಚೂರು ಬಲಕ್ಕೆ ಸರಿ. ಎಕ್ಸ್ ಹೆಚ್ಚಾಯ್ತು. ಏಳು ಕದಲಬಾರದು. ವೈ ಏನು ಮಾಡ್ಬೇಕು?"

"ಕಮ್ಮಿ ಆಗ್ಬೇಕು."

"ಎಷ್ಟು ಅನ್ನೋದೇ ಪ್ರಶ್ನೆ. ಎರಡು ಗೇಣಿನ ಚೌಕ ಬಟ್ಟೆ ಇದೆ ಅನ್ಕೋ. ಅದು ಎಕ್ಸ್ ವರ್ಗ. ಒಂಚೂರು ದೊಡ್ಡದು ಮಾಡ್ಬೇಕು. ಏನ್ಮಾಡ್ತೀಯ?"

"ಅಂಚಿಗೆ ಪಟ್ಟಿ ಹಚ್ತೀನಿ."

"ಎಷ್ಟು ಅಂಚಿಗೆ?"

"ಎರಡು. ಬಲಕ್ಕೊಂದು, ಮೇಲಕ್ಕೊಂದು."

"ಒಂದೊಂದು ಪಟ್ಟಿ ಎರಡು ಗೇಣುದ್ದ. ಒಟ್ಟು ನಾಲ್ಕು ಗೇಣು ಪಟ್ಟಿ ಬೇಕು."

"ಮೂಲೇಲಿ ಒಂದು ಚಿಂದಿ ಉಳಿಯತ್ತಲ್ಲ ಅತ್ತಿಗೆ?"

ಅವಳ ಕಣ್ಣು ಒಂದು ಕ್ಷಣ ಬೆಳಗಿತು. "ಉಳಿಯತ್ತೆ. ಪಟ್ಟಿ ಸಣ್ಣದಾಗ್ತಾ ಆಗ್ತಾ ಆ ಚಿಂದಿ ಎಲ್ಲಕ್ಕಿಂತ ಬೇಗ ಸಾಯತ್ತೆ. ಅದಕ್ಕೇ ಅದನ್ನ ಬಿಡಬಹುದು. ಈಗ ಎಕ್ಸ್ ವೈ. ಅದು ಎರಡು ಗೇಣುದ್ದ, ಒಂದು ಗೇಣಗಲದ ತುಂಡು. ಉದ್ದ ಬೆಳೆದ್ರೆ ಒಂದು ಗೇಣು ಪಟ್ಟಿ, ಅಗಲ ಬೆಳೆದ್ರೆ ಎರಡು ಗೇಣು. ವೈ ವರ್ಗ ಒಂದು ಗೇಣಿನ ಚೌಕ. ಅದಕ್ಕೆ ಎರಡಂಚಿಗೆ ಸೇರಿ ಎರಡು. ಕೂಡು. ಎಕ್ಸ್ ಒಂದು ಚೂರು ಸರಿದ್ರೆ ಎಷ್ಟು ಬಟ್ಟೆ ಹೆಚ್ಚಾಯ್ತು?"

"ನಾಲ್ಕು, ಒಂದು. ಐದು."

"ವೈ ಒಂದು ಚೂರು ಇಳಿದ್ರೆ ಎಷ್ಟು ಕಮ್ಮಿ ಆಗತ್ತೆ?"

"ಎರಡು, ಎರಡು. ನಾಲ್ಕು." ಎಕ್ಸ್ ಪ್ರತಿ ಹೆಜ್ಜೆಗೂ ಐದು ತರುತ್ತದೆ. ವೈ ಪ್ರತಿ ಹೆಜ್ಜೆಗೆ ನಾಲ್ಕನ್ನು ಮಾತ್ರ ತೆಗೆಯಬಲ್ಲದು. ಏಳು ಕದಲಬಾರದೆಂದರೆ ವೈ ಒಂದು ಹೆಜ್ಜೆಯಲ್ಲ, ಒಂದೂಕಾಲು ಹೆಜ್ಜೆ ಇಳಿಯಬೇಕು. ಐದು ಬೈ ನಾಲ್ಕು. ಕೆಳಗೆ.

ಅವಳು ಅಳತೆಪಟ್ಟಿಯನ್ನು ಆ ಚುಕ್ಕೆಗೆ ತಾಗಿಸಿ, ನಾಲ್ಕು ಬಲಕ್ಕೆ ಐದು ಕೆಳಕ್ಕೆ ಎಣಿಸಿ ನೇರ ಗೆರೆ ಹಾಕಿದಳು. ಅದು ಬಾಗನ್ನು ಕೊಯ್ಯಲಿಲ್ಲ. ಬಿಟ್ಟು ದೂರವೂ ನಿಲ್ಲಲಿಲ್ಲ. ಮಲಗಿದ ಮಗುವಿನ ಕೆನ್ನೆಗೆ ಬೆರಳ ಬೆನ್ನು ತಾಗಿಸಿದಂತೆ ಮುಟ್ಟಿ ಮುಂದೆ ಹೋಯಿತು. ಅವನು ನೋಡುತ್ತ ನಿಂತ. ಬೀದಿಯಲ್ಲಿ ಲಾರಿಯೊಂದು ಹಿಂದಕ್ಕೆ ಸರಿಯುತ್ತ ಕೂಗಿಕೊಳ್ಳುತ್ತಿತ್ತು. ವೈ ಎಂದರೆ ಏನೆಂದು ಯಾರೂ ಹೇಳಿರಲಿಲ್ಲ, ಅದು ಗಂಟಿನೊಳಗೇ ಅವಿತುಕೊಂಡಿತ್ತು. ಆದರೂ ಅದು ಈ ಕ್ಷಣ ಯಾವ ಕಡೆಗೆ, ಎಷ್ಟು ಕಡಿದಾಗಿ ಹೊರಟಿದೆ ಎಂಬುದನ್ನು ಮುಚ್ಚಿಡಲು ಅದಕ್ಕೆ ಸಾಧ್ಯವಾಗಿರಲಿಲ್ಲ. ಇದನ್ನು ಯಾರು ಮೊದಲು ಕಂಡರು? ಯಾವ ಊರಿನಲ್ಲಿ, ಎಂಥ ಮೇಜಿನ ಮುಂದೆ? ಆಗ ಅವರು ಎದ್ದು ಓಡಾಡಿರಬೇಕು, ಯಾರನ್ನಾದರೂ ಕೂಗಿ ಕರೆದಿರಬೇಕು. ಮೂವತ್ತೊಂದು ವರ್ಷದಲ್ಲಿ ಇಂಥ ಎಷ್ಟು ಪುಟಗಳು ತನ್ನ ಕೈ ಹಾಯ್ದು ಹೋದವು, ಕಂಸ ಮುಚ್ಚಿದೆಯೇ ಎಂದು ಮಾತ್ರ ನೋಡಿ ಬಿಟ್ಟುಕೊಟ್ಟದ್ದು. ಇದೇ ಕೈ, ಇದೇ ದನಿ, ಪ್ರತಿ ಬೆಳಿಗ್ಗೆ ತನ್ನೊಬ್ಬನೆದುರಿಗೆ ಇದೆಲ್ಲವನ್ನೂ ಹರಡಿತ್ತಲ್ಲ.

"ಅತ್ತಿಗೆ, ಆವತ್ತು ನಾನು ಅಪ್ಪನ ಹತ್ರ ಸುಳ್ಳು ಹೇಳಿದೆ. ನಾನೇನೂ ಬರೆದೇ ಇರಲಿಲ್ಲ. ಖಾಲಿ ಹಾಳೆ ಕೊಟ್ಟಿದ್ದೆ."

"ಗೊತ್ತು," ಎಂದಳು ಅವಳು, ನೀಲಿ ಬಟ್ಟೆಯ ಅಂಚಿನಿಂದ ಒಂದು ನೂಲು ಕೀಳುತ್ತ. "ನಿನ್ನ ನೋಟ್‌ಬುಕ್ ನೋಡ್ತಿದ್ದೋಳು ನಾನೇ ತಾನೆ? ನಿನ್ನಣ್ಣನಿಗೂ ಗೊತ್ತಿತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

ನೂಲು ತುಂಡಾಯಿತು. "ಸುಮ್ಮನಿದ್ನಾ? ಅವತ್ತೇ ಮಾವನವರ ಎದುರಿಗೆ ನಿಂತು ಹೇಳಿದೆನಲ್ಲಪ್ಪ. ಹುಡುಗ ಹಾಳೆಯಲ್ಲಿ ಏನು ಬರೆದಿದಾನೆ ತರಿಸಿ ನೋಡಿ ಅಂದೆ. ನಾನು ಹೇಳಿಕೊಟ್ಟಿದ್ರಲ್ಲಿ ಒಂದು ತಪ್ಪು ತೋರಿಸಿ, ನಾಳೆಯಿಂದ ಹಲಗೆ ಮುಟ್ಟಲ್ಲ ಅಂದೆ. ಅವರು ನಂಬಲಿಲ್ಲ, ಅಷ್ಟೇ. ಮಗ ಸುಳ್ಳು ಹೇಳ್ತಾನೆ ಅನ್ನೋದಕ್ಕಿಂತ ಸೊಸೆಗೆ ಲೆಕ್ಕ ಬರಲ್ಲ ಅನ್ನೋದು ಅವರಿಗೆ ಹಗುರ. ನೀನು ಪಕ್ಕದ ಕೋಣೇಲೇ ಇದ್ದೆ. ಕೇಳಿಸಿರತ್ತೆ, ಇವತ್ತಲ್ಲ ನಾಳೆ ಹೊರಗೆ ಬಂದು ಹೇಳ್ತಾನೆ ಅಂದ್ಕೊಂಡಿದ್ದೆ."

ಮೂವತ್ತಾರು ವರ್ಷ ಅವನು ತನ್ನೊಳಗೆ ಜೋಪಾನ ಮಾಡಿಕೊಂಡು ಬಂದಿದ್ದ ಅತ್ತಿಗೆ ಮಾತಿಲ್ಲದೆ ಹಲಗೆ ಒರೆಸುವವಳು. ಸಹಿಸಿಕೊಂಡವಳು, ದೊಡ್ಡ ಮನಸ್ಸಿನವಳು. ಅವಳ ಮೌನ ಅವನ ತಪ್ಪಿಗೆ ಒಂದು ಬಗೆಯ ಹೊದಿಕೆಯಾಗಿತ್ತು. ಈಗ ಗೋಡೆಯಾಚೆಯಿಂದ ಏರುದನಿಯೊಂದು ಕೇಳಿಸತೊಡಗಿತು. ಮಂಚದ ಮೇಲೆ ಮುದುಡಿಕೊಂಡು, ದಿಂಬನ್ನು ಎರಡೂ ಕಿವಿಗೆ ಒತ್ತಿಕೊಂಡ ತನ್ನ ಮೊಣಕೈಗಳು ಕಂಡವು. ಕೇಳಿಸಿತ್ತು. ಒಂದೊಂದು ಮಾತೂ ಕೇಳಿಸಿತ್ತು. "ಕೇಳಿಸಿತ್ತು ಅತ್ತಿಗೆ," ಎಂದ. "ತಪ್ಪಾಯ್ತು."

"ಹೂಂ," ಎಂದಳು ಅವಳು. ಪರವಾಗಿಲ್ಲ ಎನ್ನಲಿಲ್ಲ. ಆಗಿದ್ದು ಆಯ್ತು ಬಿಡು ಎನ್ನಲಿಲ್ಲ. ಅವನು ಅದಕ್ಕಾಗಿ ಕಾಯುತ್ತಿದ್ದದ್ದನ್ನು ಕಂಡೂ ಹೇಳಲಿಲ್ಲ. ಕಾಗದವನ್ನು ತಿರುಗಿಸಿ ಹಿಂದುಗಡೆ ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆದು ಅವನ ಕೈಗಿತ್ತಳು. "ಆ ಪ್ರೊಫೆಸರಿಗೆ ನಿಮ್ಮದು ತಪ್ಪು ಅನ್ನಬೇಡ, ಬಾಗಿಲು ಹಾಕ್ಕೊಂಡುಬಿಡ್ತಾರೆ. ಉತ್ತರ ಪ್ಲಸ್ ಆದ್ರೆ ಗೆರೆ ಏರಬೇಕು, ಚಿತ್ರದಲ್ಲಿ ಇಳೀತಿದೆ, ಎರಡರಲ್ಲಿ ಯಾವುದನ್ನ ತಿದ್ದಲಿ ಸಾರ್ ಅಂತ ಕೇಳು. ಹೋಗು, ನನಗೆ ಸಂಜೆಯೊಳಗೆ ಹದಿನಾಲ್ಕು ಅಂಗಿ ಆಗ್ಬೇಕು."

ಅವನು ಹಾಗೆಯೇ ಕೇಳಿದ. ಈ ಸಲವೂ ಮ್ಯಾನೇಜರರ ಮೇಜಿನಿಂದಲೇ. ಎರಡರಲ್ಲಿ ಯಾವುದನ್ನು ತಿದ್ದಲಿ ಸಾರ್? ಅತ್ತ ಹಾಳೆ ಮಗುಚುವ ಸದ್ದು. ಪೆನ್ನು ಗೀಚುವ ಸದ್ದು. ಗಂಟಲು ಸರಿಮಾಡಿಕೊಳ್ಳುವ ಸದ್ದು. "ಮೈನಸ್ ಹಾಕಿ," ಎಂದರು ಪ್ರೊಫೆಸರು. ಮತ್ತೆ, ಬೇರೆಯೇ ದನಿಯಲ್ಲಿ, "ಯಾರು ನೋಡಿದ್ದು ಇದನ್ನ?" "ನಮ್ಮ ಅತ್ತಿಗೆ ಸಾರ್. ನನಗೆ ಗಣಿತ ಹೇಳಿಕೊಟ್ಟೋರು." ಆ ಮಾತು ಬಾಯಿಂದ ಹೊರಬಿದ್ದಾಗ ಮ್ಯಾನೇಜರು ತಲೆಯೆತ್ತಿದ. ಪ್ರೊಫೆಸರು "ಓಹೋ," ಎಂದು ಫೋನಿಟ್ಟರು. ಅವನು ಕೆಂಪು ಪೆನ್ನಿನಿಂದ ಒಂದು ಚಿಕ್ಕ ಅಡ್ಡಗೆರೆ ಎಳೆದ. ಅಕ್ಕಿಕಾಳಿನಷ್ಟೂ ಉದ್ದವಿರಲಿಲ್ಲ.

ಫಾರಂ ಹೋಗಲು ಇನ್ನೂ ಒಂದು ಗಂಟೆಯಿತ್ತು. ಅದೇ ಪ್ರಶ್ನೆಯ ಮುಂದಿನ ಭಾಗಗಳಲ್ಲಿ ಇನ್ನೆರಡು ಬಿಂದುಗಳಿದ್ದವು. ಅವುಗಳ ಉತ್ತರಗಳಾದರೂ ಸರಿಯಿವೆಯೇ? ಯಾರೂ ಹೇಳದೆ ಅವನು ರದ್ದಿ ಹಾಳೆಯೊಂದನ್ನು ಎಳೆದುಕೊಂಡ. ಮೂರು, ಮೈನಸ್ ಒಂದು. ಎಕ್ಸ್ ತರುವುದು ಆರು, ಅದರಲ್ಲಿ ಒಂದು ಹೋಯಿತು, ಐದು. ವೈ ಪಾಲಿಗೆ ಮೂರು, ಅದರಲ್ಲಿ ಎರಡು ಹೋಯಿತು, ಒಂದು. ಮೈನಸ್ ಐದು. ಹಿಂದಿನ ಪುಟ ತೆಗೆದ: ಮೈನಸ್ ಐದು. ಅವನು ಸುತ್ತ ನೋಡಿದ. ಮಿಷಿನ್ನಿನವನು ಶಾಯಿ ಒರೆಸುತ್ತಿದ್ದ, ಯಾರಿಗೂ ಏನೂ ಆಗಿರಲಿಲ್ಲ. ಮೂರು, ಮೈನಸ್ ಎರಡು. ಎಕ್ಸ್ ತರುವುದು ನಾಲ್ಕು, ವೈ ಪಾಲು ಮೈನಸ್ ಒಂದು. ಪ್ಲಸ್ ನಾಲ್ಕು. ಅದೂ ಸರಿ. ಆಗ ಅವನ ಕೈ ನಿಂತಿತು. ಮೇಲಿನ ಬಿಂದುವಿನಲ್ಲಿ ಪ್ರಪಾತದಂತೆ ಇಳಿಯುವ ಗೆರೆ. ಒಂದೇ ಮನೆ ಕೆಳಗಿನ ಬಿಂದುವಿನಲ್ಲಿ ವಾಲಿಕೆ ಅತ್ತ ಕಡೆಗೆ ತಿರುಗಿಬಿಟ್ಟಿದೆ. ಹಾಗಾದರೆ ಇವೆರಡರ ನಡುವೆ ಎಲ್ಲೋ ಒಂದು ಕಡೆ, ಪುಸ್ತಕ ಕೇಳದ, ಉತ್ತರದಲ್ಲಿ ಬರೆಯದ ಒಂದು ಕಡೆ... ಅವನು ಎದ್ದು, ಮ್ಯಾನೇಜರನ್ನು ಕೇಳದೆಯೇ ಮೂರನೆಯ ಸಲ ಫೋನೆತ್ತಿದ.

"ಅತ್ತಿಗೆ, ಆ ಗೆರೆ ಒಂದು ಕಡೆ ನೆಟ್ಟಗೆ ನಿಂತುಬಿಡತ್ತೆ ಅಲ್ವಾ? ಮೂರು ಮೈನಸ್ ಒಂದಕ್ಕೂ ಮೂರು ಮೈನಸ್ ಎರಡಕ್ಕೂ ನಡುವೆ?"

ಅತ್ತ ಓಡುತ್ತಿದ್ದ ಹೊಲಿಗೆ ಮಿಷಿನ್ನು ನಿಂತಿತು. "ಯಾರು ಹೇಳಿದ್ರು ನಿನಗೆ?"

"ಯಾರೂ ಇಲ್ಲ."

"ಎಲ್ಲಿ ನಿಲ್ಲತ್ತೆ?"

"ವೈ ಪಾಲು ಸೊನ್ನೆ ಆಗೋ ಕಡೆ. ವೈ ಇಳಿದ್ರೂ ಏರಿದ್ರೂ ಏನೂ ವ್ಯತ್ಯಾಸ ಆಗದ ಕಡೆ. ಅಂದ್ರೆ... ವೈ ಎಕ್ಸಿನ ಅರ್ಧ ಇರ್ಬೇಕು, ಕೆಳಗಡೆ. ಸರೀನಾ?"

"ನನ್ನ ಯಾಕೆ ಕೇಳ್ತೀಯ? ಏಳಕ್ಕೆ ಹಾಕಿ ನೋಡು."

ಅವನು ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮ್ಯಾನೇಜರರ ಮೇಜಿನ ಮೇಲೆಯೇ ಬಾಗಿ ಬರೆದ. ವೈ ವರ್ಗದ ಮೂರರಷ್ಟು ಏಳು ಎಂದು ಬಂತು. ಒಂದೂವರೆಗಿಂತ ಚೂರು ಹೆಚ್ಚು. ಎಕ್ಸ್, ಮೂರಕ್ಕಿಂತ ಕೂದಲೆಳೆಯಷ್ಟು ಆಚೆ. ಅವಳು ಹಾಕಿದ ಹನ್ನೆರಡು ಚುಕ್ಕೆಗಳಲ್ಲಿ ಯಾವುದೂ ಅಲ್ಲ. ಯಾರೂ ಚುಕ್ಕೆಯಿಡದ ಜಾಗ. ಆದರೂ ಅವಳ ಕೈ ಆವಾಗಲೇ ಅದರ ಮೇಲೆ ಹಾಯ್ದು ಹೋಗಿತ್ತು. ಅವನು ಸಂಖ್ಯೆಯನ್ನು ನಿಧಾನವಾಗಿ, ಎಡವದೆ ಓದಿ ಹೇಳಿದ. ಮ್ಯಾನೇಜರು ಕೈಯಲ್ಲಿದ್ದ ಕಪ್ಪನ್ನು ಕೆಳಗಿಡಲೂ ಮರೆತು ಅವನನ್ನೇ ನೋಡುತ್ತಿದ್ದ.

"ಸರಿ ಇದೆ," ಎಂದಳು ಅತ್ತಿಗೆ. ದನಿ ಒಡೆದಿತ್ತು, ಅವಳು ಅದನ್ನು ಕೂಡಿಸಿಕೊಳ್ಳುವವರೆಗೆ ಅವನು ಪೆನ್ಸಿಲು ಹಿಡಿದು ಕಾದ. "ಪುಟ ತಿರುಗಿಸು. ಮುಂದಿನ ಲೆಕ್ಕ ಓದು."